ಸಿಂಗಸಂದ್ರದಿಂದ ಹಿಮಾಲಯಕ್ಕೆ ಒಂದೇ ನೆಲ

ಇವತ್ತು ಜೋಳದ ರೊಟ್ಟಿ ತಟ್ಟುವಾಗ ಅಂಚು ಬಿರಿಯಿತು. ಹಿಟ್ಟಿಗೆ ಬಿಸಿನೀರು ಸಾಲದಿದ್ದರೆ ಯಾರ ರೊಟ್ಟಿಯಾದರೂ ಬಿರಿಯುತ್ತದೆ, ಅದರಲ್ಲೇನು ವಿಶೇಷ ಅನ್ನುತ್ತೀರಿ. ನನಗೆ ಮಾತ್ರ ಒಂದು ಗಳಿಗೆ ಕೈ ನಿಂತುಬಿಡುತ್ತದೆ.

ಕೆಲವು ವರ್ಷಗಳ ಹಿಂದೆ, ಇದೇ ಸಿಂಗಸಂದ್ರದ ಮನೆಯಲ್ಲಿ ಹೀಗೇ ರೊಟ್ಟಿ ತಟ್ಟುತ್ತಿದ್ದೆ. ಪಕ್ಕದ ಸೈಟಿನಲ್ಲಿ ಪಾಯಕ್ಕೆಂದು ಬಂಡೆ ಒಡೆಯುತ್ತಿದ್ದರು; ನಮ್ಮ ಲೋಟಗಳೆಲ್ಲ ಕಿಣಿಕಿಣಿ. ‘ಈ ಬಂಡೆಗಿಷ್ಟು ಬೆಂಕಿ ಹಾಕ’ ಎಂದು ಬೈಯುತ್ತಿದ್ದಾಗಲೇ ಮಗಳು ಫೋನು ಹಿಡಿದು ಒಳಗೆ ಬಂದಳು. ನೇಪಾಳದಲ್ಲಿ ಭೂಕಂಪ. ದಾವಣಗೆರೆಯ ನಮ್ಮಕ್ಕ ನಮ್ಮ ಮನೆಯಿಂದಲೇ ಪಶುಪತಿನಾಥನ ದರ್ಶನಕ್ಕೆ ಹೊರಟವಳು ಅಲ್ಲೇ ಇದ್ದಳು. ಅವಳ ಫೋನು ಹತ್ತುತ್ತಿರಲಿಲ್ಲ.

ಒಲೆ ಆರಿಸಿ ದೇವರ ಮುಂದೆ ಕೂತೆ. ಜಪ ಬರಲಿಲ್ಲ, ಬಂದದ್ದು ಜಗಳ. ನಿನ್ನನ್ನೇ ನೋಡಲು ಬಂದವಳಲ್ಲವೇ ತಂದೆ?

“ಅಲ್ಲೇ ಯಾಕೆ ನಡುಗ್ಬೇಕು? ಇಲ್ಲಿ ಇಷ್ಟು ಒಡೆದ್ರೂ ಏನೂ ಆಗಲ್ಲ” ಎಂದು ಮಗಳ ಮೇಲೆ ರೇಗಿದೆ.

ಅವಳು ಕಾಲೇಜಿನಲ್ಲಿ ಭೂಗೋಳ ಓದುತ್ತಿದ್ದಳು. ನನ್ನನ್ನು ಸುಮ್ಮನಿರಿಸಲೋ ಏನೋ, ಎರಡು ಉಂಡೆ ಹಿಟ್ಟು ಚಪ್ಪಟೆ ಮಾಡಿ ಒಂದನ್ನು ಇನ್ನೊಂದಕ್ಕೆ ಒತ್ತಿದಳು. ಸೇರಿದ ಕಡೆ ಹಿಟ್ಟು ಉಬ್ಬಿ ಎದ್ದು ಬಿರಿಯಿತು.

“ನೆಲ ಒಂದೇ ತುಂಡಲ್ಲ ಕಣಮ್ಮಾ, ದೊಡ್ಡ ದೊಡ್ಡ ಪ್ಲೇಟುಗಳು. ಇದು ನಮ್ದು, ಅದು ಉಳಿದ ಏಷ್ಯಾದ್ದು, ಈ ಉಬ್ಬು ಹಿಮಾಲಯ. ನಮ್ದು ಉತ್ತರಕ್ಕೆ ತಳ್ತಾನೇ ಇರುತ್ತೆ. ಅಂಚಲ್ಲಿ ಕಲ್ಲಿಗೆ ಕಲ್ಲು ಕಚ್ಕೊಂಡು ವರ್ಷಗಟ್ಟಲೆ ಬಿಗಿಯಾಗಿರುತ್ತೆ. ಒಂದಿನ ತಡೀಲಾರ್ದೆ ಜಾರ್ಬಿಡುತ್ತೆ.”

“ನಮ್ದು ಅಂದ್ರೆ?”

“ನೀನು ಬೈದ್ಯಲ್ಲ, ಆ ಬಂಡೆನೂ ಸೇರಿ. ನಾವು ಅಂಚಿಂದ ದೂರ ಇದೀವಿ, ಅದಕ್ಕೇ ಇಲ್ಲಿ ಕಮ್ಮಿ. ಆಗೋದೇ ಇಲ್ಲ ಅಂತಲ್ಲ.”

ನನ್ನ ಒಲೆಯನ್ನೂ ನನ್ನನ್ನೂ ಹೊತ್ತುಕೊಂಡು ಈ ಬಂಡೆ ಸದ್ದಿಲ್ಲದೆ ಶಿವನ ಬೆಟ್ಟದ ಕಡೆ ನಡೆಯುತ್ತಿದೆಯೇ! ಆ ಬೆಟ್ಟ ಎದ್ದದ್ದೂ ಈ ತಳ್ಳಾಟದಿಂದ, ಇವತ್ತು ಅಕ್ಕನ ಕಾಲ ಕೆಳಗೆ ನೆಲ ಅಲುಗಿದ್ದೂ ಇದರಿಂದಲೇ. ಜಗಳ ಅಲ್ಲಿಗೇ ನಿಂತಿತು. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಸಂಜೆ ಯಾರದೋ ಮೊಬೈಲಿನಿಂದ ಅಕ್ಕನ ದನಿ ಬಂತು. “ಆರಾಮ ಅದೀವಿ, ಬಯಲಾಗ ಕುಂತೀವಿ. ನೀ ಕೊಟ್ಟ ರೊಟ್ಟಿ ಗಂಟು ಲಾಡ್ಜಿನಾಗೇ ಉಳೀತು ನೋಡು. ಓಡೋ ಗಡಿಬಿಡಿಯಾಗ ಚಟ್ನಿಪುಡಿ ಡಬ್ಬಿ ಹಿಡ್ಕಂಡು ಬಂದೀನಿ!”

“ಬರೀ ಚಟ್ನಿಪುಡಿ ತಿಂತೀಯೇನಕ್ಕಾ?” ನಗು ಅಳು ಎರಡೂ ಒಟ್ಟಿಗೇ ಬಂದವು.

“ಇಲ್ಲಿ ಒಬ್ಬಾಕಿ ಅನ್ನ ಕೊಟ್ಳು. ಅವಳ ಮನಿ ಗೋಡೆನೇ ಬಿದ್ದೈತಿ, ಆದ್ರೂ ಕೊಟ್ಳು. ಚಟ್ನಿಪುಡಿ ಕಲಸ್ಕಂಡು ಎಲ್ಲಾರೂ ಉಂಡ್ವಿ.”

ಅಂಚಿನಲ್ಲಿ ಬದುಕುವವಳು, ಮನೆ ಬಿದ್ದ ದಿನವೂ ನನ್ನ ಅಕ್ಕನಿಗೆ ಉಣಬಡಿಸಿದಳು. ಅವಳ ಹೆಸರು ಇವತ್ತಿಗೂ ಗೊತ್ತಿಲ್ಲ. ದೀಪ ಹಚ್ಚುವಾಗ ‘ಆ ತಾಯಿ’ ಎಂದು ನೆನೆಯುತ್ತೇನೆ.

ಈಗಲೂ ಹೊರಗೆ ಎಲ್ಲೋ ಬಂಡೆ ಒಡೆಯುತ್ತಿದ್ದಾರೆ. ನಾನು ಬೈಯುವುದು ಬಿಟ್ಟಿದ್ದೇನೆ. ಬೆರಳು ನೀರಿಗದ್ದಿ, ಬಿರಿದ ಅಂಚನ್ನು ಮೆಲ್ಲಗೆ ಕೂಡಿಸಿ, ರೊಟ್ಟಿಯನ್ನು ಕಾದ ಹೆಂಚಿಗೆ ಹಾಕಿದೆ.