ಧಾರಿಣಿಯ ಸಹಿ

ಹುಬ್ಬಳ್ಳಿಯಲ್ಲಿ ಹದಿನೆಂಟು ವರ್ಷ ಡಾಕ್ಟರ್ ಧಾರಿಣಿಯದು ಒಂದೇ ಕೆಲಸ: ಕ್ಯಾನ್ಸರ್ ರೋಗಿಗಳ ನೋವು ಇಳಿಸುವುದು. ಮಾರ್ಫಿನ್ ಚೀಟಿಯನ್ನು ಅವಳು ಕಣ್ಣು ಮುಚ್ಚಿಕೊಂಡೂ ಬರೆದಾಳು. ಗಂಡನಿಗೆ ವರ್ಗವಾಗಿ ದೆಹಲಿಗೆ ಬಂದದ್ದೇ ತಡ, ಆ ಕೈ ಕಟ್ಟಿಹಾಕಿದಂತಾಯಿತು. ಡಾಕ್ಟರಾಗಿ ಇಲ್ಲಿನ ನೋಂದಣಿ ಆಗಬೇಕಂತೆ. ಅರ್ಜಿ ಹಾಕಿ ನಾಲ್ಕು ತಿಂಗಳಾದರೂ ಕಾಗದ ಮೇಜಿನಿಂದ ಮೇಜಿಗೆ ಗಾಳಿ ಸೇವಿಸುತ್ತ ತಿರುಗುತ್ತಿತ್ತು. ಅಲ್ಲಿಯವರೆಗೆ ಅವಳು ತಾನು ಸೇರಿಕೊಂಡಿದ್ದ ಆರೈಕೆ ಸಂಸ್ಥೆಯ ಪರವಾಗಿ ಮನೆಮನೆಗೆ ಹೋಗಿ ರೋಗಿಗಳನ್ನು ವಿಚಾರಿಸಬಹುದು, ಮಾರ್ಫಿನ್ ಚೀಟಿ ಮಾತ್ರ ಅದೇ ಸಂಸ್ಥೆಯ, ಇಪ್ಪತ್ತೆಂಟು ವಯಸ್ಸಿನ ಡಾಕ್ಟರ್ ವಿಕ್ರಮ್ ಬರೆಯಬೇಕು.

ಕಚೇರಿಯನ್ನು ಬೈಯುವುದು ಸುಲಭ. ಆದರೆ ಧಾರಿಣಿಯದೂ ಒಂದು ತಪ್ಪಿತ್ತು. ವಸಂತ್ ಕುಂಜ್‌ನ ಕ್ಯಾನ್ಸರ್ ರೋಗಿ, ನಿವೃತ್ತ ಪ್ರೊಫೆಸರ್ ಬಸವಲಿಂಗಪ್ಪನವರ ಮನೆಯಲ್ಲಿ ಈ ಮಾತನ್ನು ಅವಳು ಹೇಳಿರಲಿಲ್ಲ. ಅವರ ಹೆಂಡತಿ ಸುಶೀಲಮ್ಮ "ನಮ್ಮ ಕನ್ನಡದ ಡಾಕ್ಟ್ರು" ಎಂದು ಊರಿಗೆಲ್ಲ ಹೇಳಿಕೊಂಡು, ಪ್ರತಿ ಸಲ ಅವಲಕ್ಕಿ ಕಲಸಿ ಕೊಡುತ್ತಿದ್ದರು. ಅಂಥವರೆದುರು ತನ್ನ ಸಹಿಗೆ ಇಲ್ಲಿ ಬೆಲೆಯಿಲ್ಲ ಎನ್ನಲು ಧಾರಿಣಿಗೆ ನಾಚಿಕೆಯಾಗಿತ್ತು.

ಒಂದು ಶನಿವಾರ ಬೆಳಿಗ್ಗೆ ಸುಶೀಲಮ್ಮನ ಫೋನ್ ಬಂತು. "ಮಾತ್ರೆ ನಿನ್ನೆಗೇ ಮುಗೀತು ಕಣಮ್ಮ. ವಿಕ್ರಮ್ ಡಾಕ್ಟ್ರು ಗುರುವಾರ ಕರೆದಿದ್ರು, ನೀವಿದೀರಲ್ಲ ಅಂತ ನಾವು ಹೋಗ್ಲಿಲ್ಲ. ಬಂದು ಬರ್ಕೊಡಿ."

ಧಾರಿಣಿ ವಿಕ್ರಮ್‌ಗೆ ಫೋನ್ ಮಾಡಿ ಆಟೋ ಹತ್ತಿದಳು. ಅವನು ಊರಿನ ಇನ್ನೊಂದು ಮಗ್ಗುಲಲ್ಲಿ, ಕರೋಲ್ ಬಾಗ್‌ನಲ್ಲಿದ್ದ. ಬಂದು ನೋಡಿ ಚೀಟಿ ಬರೆದು ಮಾತ್ರೆ ಕೈಸೇರುವ ಹೊತ್ತಿಗೆ ಎರಡೂವರೆ ಗಂಟೆ ಕಳೆದಿತ್ತು. ಅಷ್ಟು ಹೊತ್ತೂ ಬಸವಲಿಂಗಪ್ಪನವರು ಹಲ್ಲು ಕಚ್ಚಿ ಮಲಗಿದ್ದರು. ಅವರ ಕೈ ಹಿಡಿದು ಧಾರಿಣಿ ಇದ್ದದ್ದನ್ನು ಇದ್ದಂತೆ ಹೇಳಿ, "ತಪ್ಪಾಯ್ತು ಸರ್" ಎಂದಳು.

"ಹುಬ್ಬಳ್ಳಿಯಿಂದ ಬರ್ತಾ ಹದಿನೆಂಟು ವರ್ಷದ ಅನುಭವ ಯಾವ ಸ್ಟೇಷನ್ನಲ್ಲಿ ಇಳ್ದೋಯ್ತಮ್ಮ?" ಎಂದರು ಅವರು, ಆ ನೋವಿನಲ್ಲೂ. ಆಮೇಲೆ ಅಂದರು, "ನನ್ನ ಹತ್ರ ಇನ್ನು ಏನೂ ಮುಚ್ಚಿಡಬೇಡ."

ಮುಂದಿನ ತಿಂಗಳು ಅನುಮತಿ ಬಂತು: ಬೇರೆ ರಾಜ್ಯದ ನೋಂದಣಿ ಇದ್ದವರು ಇಲ್ಲಿನದು ಆಗುವವರೆಗೂ ಈ ಔಷಧಿ ಬರೆಯಬಹುದು. ಧಾರಿಣಿ ಕುಣಿಯುವುದೊಂದು ಬಾಕಿ. ಹೊಸ ಚೀಟಿ ಪುಸ್ತಕ ಹಿಡಿದು ನೇರ ವಸಂತ್ ಕುಂಜ್‌ಗೆ ಹೋದಳು.

ಬಸವಲಿಂಗಪ್ಪನವರು ಹಾಸಿಗೆಯಲ್ಲಿ ಅರ್ಧದಷ್ಟಾಗಿದ್ದರು. ಹಳೆಯ ಪ್ರಮಾಣ ಇನ್ನು ಸಾಲದೆಂದು ಅವಳಿಗೆ ನೋಡಿದೊಡನೆ ಗೊತ್ತಾಯಿತು. ದುಪ್ಪಟ್ಟು ಬರೆದು ಸಹಿ ಹಾಕಿದಳು. ಅವರು ಚೀಟಿ ತೆಗೆದುಕೊಂಡು ಕನ್ನಡಕ ಸರಿಮಾಡಿ ಓದಿದರು.

"ಅಕ್ಷರ ಆ ಹುಡುಗನದ್ದೇ ಚೆನ್ನಾಗಿತ್ತು. ಎಷ್ಟು ದಿನಕ್ಕೆ ಬರೆದಿದೀಯ?"

"ಹದಿನಾಲ್ಕು ದಿನಕ್ಕೆ ಸರ್."

"ಅಷ್ಟು ಬೇಕಾಗತ್ತಾ?"

ಅಡುಗೆಮನೆಯಲ್ಲಿ ಸುಶೀಲಮ್ಮ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ಧಾರಿಣಿ ಅತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಬೇಕಾಗ್ಲಿಕ್ಕಿಲ್ಲ ಸರ್" ಎಂದಳು.

ಅವರು ತಲೆಯಾಡಿಸಿ, ಚೀಟಿಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡರು.