ಉಪ್ಪು ಹಾಕದ ಅನಾನಸು

ಸ್ವಲ್ಪ ತಾಳಿಕೊಳ್ಳಿ. ಮೊದಲು ಬಾಟಲಿ ಮುಚ್ಚುವುದು ಹೇಗೆಂದು ಹೇಳುತ್ತೇನೆ, ಅದನ್ನು ತೆರೆದ ದಿನದ ಸಂಗತಿ ಆಮೇಲೆ. ನೇರ ಅಲ್ಲಿಗೇ ಹಾರಿದರೆ ನನ್ನ ಹೊಟ್ಟೆಯುರಿ ನಿಮಗೆ ಅರ್ಥವಾಗುವುದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಂಟ್ವಾಳದ ದೊಡ್ಡಮ್ಮನ ಮನೆಯಲ್ಲಿದ್ದೆ. ಟೈಪಿಂಗ್ ಕಲಿಯಲು ಬಂದವಳಿಗೆ ಹಣ್ಣು ಕೆಡದಂತೆ ಇಡುವ ಹುಚ್ಚು ಹಿಡಿಯಿತು. ಕಲಿಸಿದವರು ಯಾರೂ ಇಲ್ಲ. ಗ್ರಂಥಾಲಯದ ಒಂದು ಹಳೆಯ ಪುಸ್ತಕ ಇತ್ತು, ಅಷ್ಟೇ. ಕುದಿಸುವ ಪಾತ್ರೆಯ ತಳಕ್ಕೆ ಬಟ್ಟೆ ಮಡಚಿ ಹಾಕದಿದ್ದರೆ ಗಾಜು ಒಡೆಯುತ್ತದೆ ಎಂಬುದನ್ನು ನಾಲ್ಕು ಬಾಟಲಿ ಒಡೆದೇ ಕಲಿತೆ. ಗಲ್ಫಿನಲ್ಲಿ ಜನ ಇದ್ದ ಮನೆಗಳಿಗೆಲ್ಲ ಹೋಗಿ ಜಾಮಿನ ಖಾಲಿ ಬಾಟಲಿ ಕೇಳಿ ತರುತ್ತಿದ್ದೆ.

ಕುದಿಸಿದ ಬಾಟಲಿಗೆ ಬಿಸಿಬಿಸಿ ಹಣ್ಣು, ಸಕ್ಕರೆ ಪಾಕ. ಮೇಲೆ ಅರ್ಧ ಇಂಚು ಖಾಲಿ ಬಿಟ್ಟು, ಬಾಯಿ ಒರೆಸಿ ಮುಚ್ಚಳ ಹಾಕಬೇಕು. ಆಮೇಲೆ ಬಾಟಲಿ ಪೂರ್ತಿ ಮುಳುಗುವಷ್ಟು ನೀರಿನಲ್ಲಿ ಕುದಿಸಬೇಕು. ತಣಿಯುವಾಗ ಮುಚ್ಚಳದ ನಡುಭಾಗ ಟಪ್ ಎಂದು ಒಳಗೆ ಕುಗ್ಗುತ್ತದೆ. ಆ ಸದ್ದಿಗಾಗಿ ನಾನು ಅಡುಗೆಮನೆಯಲ್ಲೇ ಕಾದು ಕೂರುತ್ತಿದ್ದೆ. ಕುಗ್ಗಿದ ಮೇಲೆ ತಿನ್ನುವ ದಿನದವರೆಗೆ ಅದನ್ನು ಯಾರೂ ತೆರೆಯಬಾರದು. ತೆರೆದರೆ ಪಟ್ಟ ಪಾಡೆಲ್ಲ ವ್ಯರ್ಥ.

ದೊಡ್ಡಮ್ಮನ ವಿದ್ಯೆ ಇದಕ್ಕೆ ತದ್ವಿರುದ್ಧ. ಉಪ್ಪುನೀರಿನಲ್ಲಿ ಹಲಸಿನ ಸೊಳೆ ಹಾಕಿಟ್ಟ ಅವರ ಭರಣಿ ಬೀದಿಗೇ ಪ್ರಸಿದ್ಧ. ಹದಿನೈದು ದಿನಕ್ಕೊಮ್ಮೆ ಸ್ನಾನ ಮಾಡಿ ಬಂದು ಅದನ್ನು ತೆರೆದು, ಮೇಲೆ ಕಟ್ಟಿದ ಬಿಳಿ ಪೊರೆ ತೆಗೆದು, ಕುದಿಸಿ ಆರಿಸಿದ ಉಪ್ಪುನೀರನ್ನು ಕಡಿಮೆಯಾದಷ್ಟು ಹೊಯ್ಯುತ್ತಿದ್ದರು. ಅವರ ಕೈ ಬಿದ್ದದ್ದು ಕೆಡುವುದಿಲ್ಲ ಎಂದು ನೆರೆಮನೆಯವರು ತಮ್ಮ ಭರಣಿಗೂ ಮೊದಲ ಹಿಡಿ ಉಪ್ಪನ್ನು ಅವರಿಂದಲೇ ಹಾಕಿಸುತ್ತಿದ್ದರು.

ಬೆಳ್ತಂಗಡಿ ಕಡೆಯ ಒಂದು ಮಹಿಳಾ ಮಂಡಲದ ಅಧ್ಯಕ್ಷೆ ದೊಡ್ಡಮ್ಮನ ಗೆಳತಿ. ಮೇ ತಿಂಗಳಲ್ಲಿ ಮನೆಗೆ ಬಂದವರು ನನ್ನದೊಂದು ಬಾಟಲಿಯನ್ನು ತಿರುಗಿಸಿ ನೋಡಿ ಕೇಳಿದರು, "ಫ್ರಿಜ್ ಇಲ್ಲದೆ ಇದು ಮಳೆಗಾಲ ದಾಟ್ತದಾ?"

"ದಾಟ್ತದೆ."

"ಹಾಗಾದ್ರೆ ಆಟಿ ತಿಂಗಳ ಜೋರು ಮಳೆಯಲ್ಲಿ ನಮ್ಮಲ್ಲಿಗೆ ತಾ. ಎಲ್ಲರ ಎದುರು ತೆಗೆದು ತೋರಿಸು. ಸರಿ ಉಂಟಾದ್ರೆ ತಿಂಗಳಿಗೆ ಎರಡು ಸಲ ನೀನೇ ಬಂದು ಕಲಿಸಬಹುದು."

ಹತ್ತೊಂಬತ್ತು ವರ್ಷದವಳು ನಾನು. ಟೀಚರ್ ಆಗಿಬಿಟ್ಟೆ ಎಂದೇ ಅನಿಸಿತು. ಮೂಡುಬಿದಿರೆ ಹತ್ತಿರದ ಪುತ್ತಿಗೆಯಲ್ಲಿರುವ ನಮ್ಮ ಮನೆಯಿಂದ ಅನಾನಸು ತಂದು ಆರು ಬಾಟಲಿ ತುಂಬಿದೆ. ಆರೂ ಟಪ್ ಎಂದವು. ಅಟ್ಟದಲ್ಲಿ ಜೋಡಿಸಿಟ್ಟೆ.

"ದೊಡ್ಡಮ್ಮ, ಇದನ್ನು ಮಾತ್ರ ತೆಗೀಬೇಡಿ."

"ನಿನ್ನ ಬಾಟ್ಲಿ ನನಗ್ಯಾಕೆ ಮಾರಾಯ್ತಿ?"

ಅಷ್ಟರಲ್ಲಿ ಅಮ್ಮನ ಕಾಲು ಉಳುಕಿತು. ನಾನು ಪುತ್ತಿಗೆಗೆ ಹೋದವಳು ಒಂದು ತಿಂಗಳು ಅಲ್ಲೇ ಉಳಿದೆ. ಆಟಿಯಲ್ಲಿ, ತೋರಿಸುವ ದಿನದ ಹಿಂದಿನ ಸಂಜೆ ಬಂಟ್ವಾಳಕ್ಕೆ ಬಂದರೆ, ದೊಡ್ಡಮ್ಮ ಆರೂ ಬಾಟಲಿಗಳನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದಲ್ಲಿ ಇಟ್ಟಾಗಿತ್ತು. ಬಸ್ಸಿನಲ್ಲಿ ಒಂದಕ್ಕೊಂದು ತಾಗಬಾರದಲ್ಲ ಎಂದರು. ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಬಿಚ್ಚಿ ಮುಚ್ಚಳ ಒತ್ತಿ ನೋಡಲೂ ಇಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಮಂಡಲದ ಸಭಾಂಗಣದಲ್ಲಿ ಇಪ್ಪತ್ತು ಮಂದಿ ಹೆಂಗಸರು. ಎದುರು ಸಾಲಿನಲ್ಲಿ ದೊಡ್ಡಮ್ಮ. ಬಟ್ಟೆ ಬಿಚ್ಚಿದರೆ ಮುಚ್ಚಳ ಉಬ್ಬಿ ನಿಂತಿದೆ. ಬಸ್ಸಿನ ಸೆಕೆಗೆ ಹೀಗಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ತಿರುಗಿಸಿದೆ. ನೊರೆ ಚಿಮ್ಮಿ ಮೊಣಕೈವರೆಗೆ ಇಳಿಯಿತು. ಹುಳಿ ವಾಸನೆ ಸಭಾಂಗಣದ ತುಂಬ ಹರಡಿತು.

"ಇದನ್ನು ಕೊಂಡುಹೋದ್ರೆ ನಮ್ಮವರು ಕಳ್ಳಿನ ಗಡಂಗಿಗೆ ಹೋಗುವುದೇ ಬಿಟ್ಟಾರು," ಎಂದು ಹಿಂದಿನಿಂದ ಒಬ್ಬರು ಹೇಳಿದರು. ಎಲ್ಲರೂ ನಕ್ಕರು. ಎರಡನೆಯ ಬಾಟಲಿಯೂ ಹಾಗೆಯೇ ಉಕ್ಕಿತು. ಅಧ್ಯಕ್ಷೆ ಒರೆಸುವ ಬಟ್ಟೆ ಕೊಟ್ಟು, "ಇರಲಿ ಬಿಡು, ಚಾ ಕುಡಿಯುವ," ಎಂದರು. ದೊಡ್ಡಮ್ಮ ಮಾತೇ ಆಡಲಿಲ್ಲ. ನಾಚಿಕೆಯಿಂದ ಇರಬೇಕು ಎಂದುಕೊಂಡು ನಾನೇ ಅವರಲ್ಲಿ ಕ್ಷಮೆ ಕೇಳಿದೆ.

ಮನೆಗೆ ಬಂದು ಮೂರನೆಯದನ್ನು ತೆರೆದೆ. ಕೆಟ್ಟದ್ದರ ರುಚಿ ನೋಡಬಾರದು ಎಂದು ಈಗ ಎಲ್ಲರಿಗೂ ಹೇಳುತ್ತೇನೆ, ಅಂದು ನಾಲಿಗೆಗೆ ಹಚ್ಚಿಕೊಂಡೆ. ಉಪ್ಪು. ಅನಾನಸಿಗೆ ನಾನು ಒಂದು ಹರಳು ಉಪ್ಪೂ ಹಾಕಿರಲಿಲ್ಲ.

"ದೊಡ್ಡಮ್ಮ, ಬಾಟ್ಲಿ ತೆಗ್ದಿದ್ರಾ?"

ಅವರು ತೆಂಗಿನಕಾಯಿ ತುರಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ಎರಡು ಸಲ ತೆಗ್ದೆ. ತಿಂಗಳುಗಟ್ಟಲೆ ನೋಡದೆ ಇಡ್ಲಿಕ್ಕೆ ಅದೇನು ಬ್ಯಾಂಕಿನ ಲಾಕರಾ? ಮೇಲೆ ಖಾಲಿ ಬಿಟ್ಟಿದ್ದಿ, ಸ್ವಲ್ಪ ಉಪ್ಪುನೀರು ಹೊಯ್ದೆ."

"ಅಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳುವುದು? ನನ್ನ ಕೈಯಿಂದ ಹಾಳಾಯ್ತು ಅಂತಲಾ? ನೀನು ಸಣ್ಣವಳು. ನಿನ್ನದನ್ನು ಜನ ಮರೀತಾರೆ."

ತೆರೆದದ್ದಕ್ಕೆ ನನಗೆ ಸಿಟ್ಟಿಲ್ಲ. ಭರಣಿಯನ್ನು ಸಾಕಿದ ಕೈ, ಸುಮ್ಮನಿರುವುದು ಅದಕ್ಕೆ ಗೊತ್ತಿಲ್ಲ. ಆದರೆ ಚಿಕ್ಕವಳ ಹೆಸರು ಹೋದರೆ ಪರವಾಗಿಲ್ಲ ಎಂದು ಲೆಕ್ಕ ಹಾಕಿ ಎದುರು ಸಾಲಿನಲ್ಲಿ ಕೂತಿದ್ದರಲ್ಲ, ಅದು ಇಂದಿಗೂ ಅರಗಿಲ್ಲ.

ಮುಂದಿನ ತಿಂಗಳು ಮಂಡಲಕ್ಕೆ ಕರೆ ಬಂದದ್ದು ಅವರಿಗೆ, ಉಪ್ಪುಸೊಳೆ ತೋರಿಸಲು. ಭಾರ ಉಂಟು, ಹಿಡಿದುಕೊಳ್ಳಲು ಬಾ ಎಂದರು. ಹೋದೆ. ಅಲ್ಲಿ ಯಾರೋ ನನ್ನ ಅನಾನಸಿನ ಸುದ್ದಿ ತೆಗೆದರು. ದೊಡ್ಡಮ್ಮ ನಕ್ಕು, "ಅದೆಲ್ಲ ಮಕ್ಕಳಾಟಿಕೆ ಬಿಡಿ," ಎಂದರು. ನಾನು ಭರಣಿಯನ್ನು ಮೇಜಿನ ಮೇಲಿಟ್ಟು ಒಬ್ಬಳೇ ಬಸ್ಸು ಹತ್ತಿದೆ. ಆ ಸಭಾಂಗಣಕ್ಕೆ ನನ್ನನ್ನು ಮತ್ತೆ ಯಾರೂ ಕರೆಯಲಿಲ್ಲ.

ಬಾಟಲಿ ತುಂಬುವುದನ್ನು ಬಿಟ್ಟಿಲ್ಲ. ಈಗ ಮುಚ್ಚಳದಿಂದ ಬಾಟಲಿಯ ಕುತ್ತಿಗೆಯವರೆಗೆ ಒಂದು ಕಾಗದದ ಪಟ್ಟಿ ಅಂಟಿಸಿ ತಾರೀಕು ಬರೆಯುತ್ತೇನೆ. ಯಾರಾದರೂ ತೆರೆದರೆ ಪಟ್ಟಿ ಹರಿಯುತ್ತದೆ. ಮನೆಯವರ ಮೇಲೂ ನಂಬಿಕೆ ಇಲ್ಲವಾ ಎಂದು ಅಮ್ಮ ಕೇಳುತ್ತಾರೆ. ನಾನು ಮುಂದಿನ ಬಾಟಲಿಗೆ ಪಟ್ಟಿ ಅಂಟಿಸುತ್ತೇನೆ.

ನಿಮ್ಮ ಮನೆಯಲ್ಲೂ ನೀವು ಮುಚ್ಚಿಟ್ಟದ್ದನ್ನು ನಿಮ್ಮವರೇ ತೆರೆದದ್ದುಂಟಾ? ಹೇಗೆ ಗೊತ್ತಾಯಿತು, ಅವರು ಎಲ್ಲರ ಎದುರು ಒಪ್ಪಿಕೊಂಡರಾ? ಒಪ್ಪಿಕೊಂಡವರಿದ್ದರೆ ಅವರ ಬಗ್ಗೆಯೇ ಮೊದಲು ಬರೆದು ತಿಳಿಸಿ. ಅಂಥವರೂ ಇದ್ದಾರೆ ಎಂದು ನನಗೆ ಓದಬೇಕಾಗಿದೆ.