ಗಂಡು ಸೊಳ್ಳೆ ಸತ್ತಿರಲಿಲ್ಲ

ಜ್ವರಗಳ ಮೇಲೆ ಸಂಶೋಧನೆ ಮಾಡುವ ಸಂಸ್ಥೆಯೊಂದರಲ್ಲಿ ನಾನು ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದೆ. ವಿಜ್ಞಾನಿಗಳು ಗೀಚಿದ್ದನ್ನು ಚೊಕ್ಕ ಮಾಡಿ ಕೊಡುವುದು, ಮೀಟಿಂಗ್ ನಡೆದರೆ ಮೂಲೆಯಲ್ಲಿ ಕೂತು ಯಾರು ಏನು ಹೇಳಿದರು ಅಂತ ಬರೆದುಕೊಳ್ಳುವುದು, ಇಷ್ಟೇ ನನ್ನ ಕೆಲಸ. ಅಕ್ಕನ ವಿಷಯ ಹೇಳುವ ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಅವಳ ಮೇಲೆ ಬಂದ ಆದೇಶವನ್ನು ಟೈಪ್ ಮಾಡಿದವನು ನಾನೇ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಇಡೀ ಸಂಸ್ಥೆಗೇ ಅವಳು ಅಕ್ಕ, ಬೆನ್ನ ಹಿಂದೆ ಸೊಳ್ಳೆ ಅಕ್ಕ. ಹಿಂದಿನ ಕಟ್ಟಡದ ಕೊನೆಯ ಕೋಣೆಯಲ್ಲಿ ಸೊಳ್ಳೆ ಸಾಕುತ್ತಿದ್ದಳು. ಆ ಕೋಣೆಗೆ ಎರಡು ಬಾಗಿಲು, ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯಬೇಕು. ಒಳಗೆ ಹೋದರೆ ಸ್ನಾನದ ಮನೆಯಂಥ ಸೆಕೆ. ಬಿಳಿ ತಟ್ಟೆಗಳ ನೀರಿನಲ್ಲಿ ಮರಿಗಳು ಕೊಂಕುತ್ತಾ ಈಜುತ್ತಿದ್ದವು. ಗೋಡೆಯುದ್ದಕ್ಕೆ ಬಲೆ ಹೊದಿಸಿದ ಪೆಟ್ಟಿಗೆಗಳು, ಒಂದೊಂದಕ್ಕೂ ಅಂಗಿ ತೋಳಿನಂಥ ಬಟ್ಟೆಯ ಬಾಯಿ. ಗಂಡು ಸೊಳ್ಳೆಗೆ ಸಕ್ಕರೆ ನೀರಿನ ಹತ್ತಿ ಸಾಕು. ಹೆಣ್ಣು ಮೊಟ್ಟೆ ಇಡಬೇಕಾದರೆ ಮಾತ್ರ ರಕ್ತ ಬೇಕು. ಆ ರಕ್ತ ಅಕ್ಕನದು. ಸೋಮವಾರ ಮತ್ತು ಗುರುವಾರ ಅವಳು ಮೊಣಕೈವರೆಗೆ ಕೈ ತೊಳೆದು, ಬಟ್ಟೆಯ ಬಾಯಿಯೊಳಗೆ ತೂರಿಸಿ, ಒಂದೊಂದು ಪೆಟ್ಟಿಗೆಗೂ ಹತ್ತು ನಿಮಿಷ ಸುಮ್ಮನೆ ಕೂರುತ್ತಿದ್ದಳು. ಅವು ಕಾಯಿಲೆಯಿಲ್ಲದ ಸೊಳ್ಳೆಗಳು, ರೋಗದ ಪ್ರಯೋಗಗಳೆಲ್ಲ ಬೇರೆ ಕಟ್ಟಡದಲ್ಲಿ. ಆದರೂ ನೋಡಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು.

"ತುರಿಸಲ್ವಾ ಅಕ್ಕ?" ಅಂತ ಒಮ್ಮೆ ಕೇಳಿದ್ದೆ.

"ಮೊದಲನೇ ವರ್ಷ ಅತ್ತುಬಿಡ್ತಿದ್ದೆ ಕಣಪ್ಪಾ. ಈಗ ಚರ್ಮಕ್ಕೂ ಬುದ್ಧಿ ಬಂದಿದೆ," ಅಂದಳು. "ಮನೇಲೂ ಎಲ್ಲರೂ ರಕ್ತ ಹೀರೋರೇ. ಇಲ್ಲಿ ಸಂಬಳನಾದ್ರೂ ಕೊಡ್ತಾರೆ."

ಹಾಗಂದರೂ ಮನೆಯವರೆಂದರೆ ಅವಳಿಗೆ ಪ್ರಾಣ. ಗಂಡ ಬಡಗಿ, ಮನೆ ಮುಂದಿನ ತಗಡಿನ ಕೊಟ್ಟಿಗೆಯಲ್ಲೇ ಅವನ ಕೆಲಸ. ಮಗಳು ಶಾಲೆಯ ಟೀಚರ್. ಅವಳ ನಾಲ್ಕು ವರ್ಷದ ಮಗು ಹಗಲೆಲ್ಲ ಶಿಶುವಿಹಾರದಲ್ಲಿರುತ್ತಿತ್ತು. ಆ ಮಗು ಅಲ್ಲಿಂದ ಕಜ್ಜಿ ಅಂಟಿಸಿಕೊಂಡು ಬಂತು. ಹದಿನೈದು ದಿನದಲ್ಲಿ ಮನೆಮಂದಿಯೆಲ್ಲ ಬೆರಳ ಸಂದಿ ಕೆರೆದುಕೊಳ್ಳುವ ಹಾಗಾಯಿತು. ಬೀದಿಯ ಕೊನೆಯ ದವಾಖಾನೆಯ ಡಾಕ್ಟರು, "ಒಬ್ಬರಿಗೆ ಕೊಟ್ರೆ ಪ್ರಯೋಜನ ಇಲ್ಲ" ಅಂದು, ದೊಡ್ಡವರಿಗೆಲ್ಲ ಮಾತ್ರೆಯನ್ನೂ ಮಗುವಿಗೆ ಮುಲಾಮನ್ನೂ ಕೊಟ್ಟರು. ಅಕ್ಕ ಭಾನುವಾರ ನುಂಗಿದಳು. ಸೋಮವಾರ ಎಂದಿನಂತೆ ಬಂದು ಕೈ ಕೊಟ್ಟಳು.

ಗುರುವಾರ ಬೆಳಗ್ಗೆ ಎರಡನೆಯ ಬಾಗಿಲು ತೆರೆದವಳು ಅಲ್ಲೇ ನಿಂತುಬಿಟ್ಟಳಂತೆ. ನಾಲ್ಕು ಪೆಟ್ಟಿಗೆಗಳ ತಳದಲ್ಲೂ ಕರಿ ಹೊಟ್ಟು ಚೆಲ್ಲಿದ ಹಾಗೆ ಸತ್ತ ಸೊಳ್ಳೆಗಳು. ಒಣಗಿಸಿಟ್ಟ ಮೊಟ್ಟೆಗಳಿದ್ದವು, ಅವುಗಳಿಂದ ತಳಿಯನ್ನು ಮತ್ತೆ ಎಬ್ಬಿಸಬಹುದಿತ್ತು. ಆದರೆ ಅದೇ ಪೆಟ್ಟಿಗೆಗಳ ಮೇಲೆ ಒಂದೂವರೆ ವರ್ಷದಿಂದ ನಡೆಯುತ್ತಿದ್ದ ಪ್ರಯೋಗ ಮಣ್ಣುಪಾಲಾಯಿತು. ಅದು ನಮ್ಮ ವಿಭಾಗದ ಮುಖ್ಯಸ್ಥರ ಪ್ರಯೋಗ. ಅವರನ್ನು ನಾವೆಲ್ಲ ದೊಡ್ಡ ಸಾರ್ ಅನ್ನುತ್ತಿದ್ದೆವು.

"ಹೋಗಿ ಲೆಕ್ಕ ಬರ್ಕೊಂಡು ಬನ್ನಿ," ಅಂತ ನನ್ನನ್ನು ಕಳಿಸಿದರು.

ಅಕ್ಕ ಪೆಟ್ಟಿಗೆಗೆ ಮುಖ ಹಚ್ಚಿ ಕೂತಿದ್ದಳು. "ಸರಿಯಾಗಿ ನೋಡಪ್ಪಾ," ಅಂದಳು. "ಮೀಸೆ ಪೊದೆಪೊದೆಯಾಗಿ ಇದಾವಲ್ಲ, ಅವು ಗಂಡು. ಎಲ್ಲಾ ಬದುಕೇ ಇದಾವೆ. ಸತ್ತಿರೋದೆಲ್ಲಾ ಹೆಣ್ಣೇ."

ನಾನು ನೋಡಿದೆ. ನನ್ನ ಕಣ್ಣಾರೆ ನೋಡಿದೆ. ಗಂಡುಗಳು ಬಲೆಯ ಮೇಲೆ ಹಾಯಾಗಿ ಕೂತಿದ್ದವು.

ಮುಂದಿನ ಸೋಮವಾರ ವಿಚಾರಣೆ. ಉದ್ದ ಮೇಜಿನ ಆ ಕಡೆ ದೊಡ್ಡ ಸಾರ್, ಆಡಳಿತಾಧಿಕಾರಿ, ಬೇರೆ ವಿಭಾಗದ ಒಬ್ಬರು. ಈ ಕಡೆ ಅಕ್ಕ ಒಬ್ಬಳೇ. ಬಾಗಿಲ ಹತ್ತಿರ ದೊಡ್ಡ ಸಾರ್ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ, ದಪ್ಪ ಕನ್ನಡಕದವಳು, ಫೈಲು ಹಿಡಿದು ನಿಂತಿದ್ದಳು.

"ಕೈಗೆ ಏನು ಹಚ್ಚಿಕೊಂಡು ಬಂದಿದ್ರಿ? ಎಣ್ಣೆ? ಸೆಂಟು? ಮನೇಲಿ ಸೊಳ್ಳೆ ಔಷಧಿ ಹೊಡೀತೀರಾ?" ದೊಡ್ಡ ಸಾರ್ ಕೇಳಿದರು.

"ಏನೂ ಇಲ್ಲ ಸಾರ್. ಇಪ್ಪತ್ತೆರಡು ವರ್ಷದಿಂದ ಈ ಕೈಗೆ ಸೋಪು ಕೂಡ ಹಚ್ಚಿಲ್ಲ."

"ಹಾಗಾದ್ರೆ ತಾವಾಗೇ ಸತ್ತವಾ?"

"ಸಾರ್, ವಿಷ ಕೋಣೆಗೆ ಬಿದ್ದಿದ್ರೆ ಗಂಡೂ ಸಾಯ್ಬೇಕಿತ್ತು. ಗಂಡು ರಕ್ತ ಕುಡಿಯಲ್ಲ. ಕುಡಿದವು ಮಾತ್ರ ಸತ್ತಿವೆ. ನನ್ನ ರಕ್ತದಲ್ಲೇ ಏನೋ ಇದೆ ಸಾರ್, ಒಮ್ಮೆ ಪರೀಕ್ಷೆ ಮಾಡಿ ನೋಡಿ."

ಆಡಳಿತಾಧಿಕಾರಿ ನಕ್ಕರು. "ಅಂದ್ರೆ ನೀವು ವಿಷಕನ್ಯೆ ಅನ್ನಿ!" ಎಲ್ಲರೂ ನಕ್ಕರು, ಕನ್ನಡಕದ ಹುಡುಗಿಯೊಬ್ಬಳನ್ನು ಬಿಟ್ಟು. ನಾನೂ ನಕ್ಕೆ. ಅಕ್ಕ ನನ್ನ ಕಡೆ ತಿರುಗಿ, "ಇವನೂ ನೋಡಿದಾನೆ, ಕೇಳಿ ಸಾರ್," ಅಂದಳು. ನಾನು ತಲೆ ತಗ್ಗಿಸಿ ಬರೆಯುವಂತೆ ನಟಿಸಿದೆ. ಯಾರೂ ನನ್ನನ್ನು ಕೇಳಲಿಲ್ಲ.

ಮಧ್ಯಾಹ್ನ ನಡಾವಳಿಯ ಕರಡು ಓದಿ ದೊಡ್ಡ ಸಾರ್ ಒಂದು ಕಡೆ ಅಡ್ಡಗೆರೆ ಎಳೆದರು. "ಈ ಗಂಡು-ಹೆಣ್ಣಿನ ಪುರಾಣ ಯಾಕೆ? ತೆಗೀರಿ." ತೆಗೆದೆ. ಆಮೇಲೆ ಆದೇಶದಲ್ಲಿ ಅವಳ ಪೂರ್ತಿ ಹೆಸರು, ಗಂಡನ ಹೆಸರು, ಮನೆ ನಂಬರು ಎಲ್ಲ ಹಾಕಿ, 'ಘೋರ ನಿರ್ಲಕ್ಷ್ಯ' ಅಂತ ಟೈಪ್ ಮಾಡಿದೆ. ಅವಳಿಗೆ ಬರಬೇಕಿದ್ದ ಬಡ್ತಿ ಹೋಯಿತು. ಅವಳನ್ನು ಗಾಜಿನ ಸಾಮಾನು ತೊಳೆಯುವ ಕೋಣೆಗೆ ಹಾಕಿದರು.

ಎರಡು ತಿಂಗಳಾದ ಮೇಲೆ ಕನ್ನಡಕದ ಹುಡುಗಿ ಆ ಕೋಣೆಗೆ ಹೋಗಿ ಕೇಳಿದಳಂತೆ, "ಅಕ್ಕ, ಆ ವಾರ ಏನಾದ್ರೂ ಮಾತ್ರೆ ತಗೊಂಡಿದ್ರಾ?" ಅಕ್ಕನಿಗೆ ಅಲ್ಲಿಯವರೆಗೂ ಕಜ್ಜಿಯ ನೆನಪೇ ಆಗಿರಲಿಲ್ಲ. ಎಣ್ಣೆ ಹಚ್ಚಬೇಡ, ಸೋಪು ಬೇಡ ಅಂತ ಹೇಳಿದ್ದರೇ ಹೊರತು ಮಾತ್ರೆಯ ಬಗ್ಗೆ ಯಾರೂ ಎಂದೂ ಹೇಳಿರಲಿಲ್ಲ. ಮನೆಗೆ ಓಡಿ, ಡಾಕ್ಟರ ಚೀಟಿ ಹುಡುಕಿ ತಂದುಕೊಟ್ಟಳು. "ನನ್ನ ಮೇಲೆ ಬಂದಿದ್ದು ತಪ್ಪು ಅಂತ ಈಗಾದ್ರೂ ಗೊತ್ತಾಗುತ್ತೆ," ಅಂತ ಅವತ್ತು ಊಟದ ಹೊತ್ತಿನಲ್ಲಿ ನನಗೆ ಹೇಳಿದಳು. ಅವಳ ಮುಖ ಅರಳಿದ್ದು ನೋಡಿ ನನ್ನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ.

ಮೂರು ತಿಂಗಳು ಪ್ರಯೋಗ ನಡೆಯಿತು. ಅಕ್ಕ ಒಪ್ಪಿಗೆಗೆ ಸಹಿ ಹಾಕಿ ಮತ್ತೆ ಮಾತ್ರೆ ನುಂಗಿದಳು, ಮತ್ತೆ ಕೈ ಕೊಟ್ಟಳು. ಮಧ್ಯೆ ಅಷ್ಟು ದಿನ ಬಿಟ್ಟಿದ್ದರಿಂದ ಈ ಸಲ ಕೈ ಊದಿ ಬಳೆ ಏರುತ್ತಿರಲಿಲ್ಲ. ಹೆಣ್ಣುಗಳು ಸತ್ತವು, ಗಂಡುಗಳು ಬದುಕಿದವು. ಆಮೇಲೆ ಇನ್ನೂ ಹತ್ತು ಜನರ ಮೇಲೆ ಪರೀಕ್ಷಿಸಿದರು. ಫಲಿತಾಂಶ ಅದೇ. ಕಚ್ಚಿದ ಸೊಳ್ಳೆಯನ್ನೇ ಕೊಲ್ಲುವ ರಕ್ತ! ಜ್ವರ ಹರಡುವುದನ್ನು ತಡೆಯಲು ಹೊಸ ದಾರಿ ಅಂತ ದೊಡ್ಡ ಸಾರ್ ಕ್ಯಾಮೆರಾಗಳ ಮುಂದೆ ನಿಂತು ಹೇಳಿದರು. "ನಮ್ಮ ಪ್ರಯೋಗಾಲಯದಲ್ಲಿ ಆಕಸ್ಮಿಕವಾಗಿ ಕಂಡುಬಂದ ಸಂಗತಿ," ಅಂದರು. ಯಾರಿಗೆ ಕಂಡಿತು ಅನ್ನಲಿಲ್ಲ. ಅದೇ ವಾರ ಸೊಳ್ಳೆ ಕೋಣೆಯ ಬಾಗಿಲಿಗೆ ಹೊಸ ನೋಟೀಸು ಅಂಟಿಸಿದೆವು: ರಕ್ತ ನೀಡುವವರು ಯಾವುದೇ ಔಷಧಿ ಸೇವಿಸಿದ್ದಲ್ಲಿ ಮುಂಚಿತವಾಗಿ ತಿಳಿಸತಕ್ಕದ್ದು.

ವಿಜ್ಞಾನ ಪತ್ರಿಕೆಯಲ್ಲಿ ಬಂದ ಇಂಗ್ಲಿಷ್ ಲೇಖನವನ್ನು ಅಕ್ಕ ಮಗಳ ಕೈಯಲ್ಲಿ ಓದಿಸಿಕೊಂಡಳು. ಅದರಲ್ಲಿ ಅವಳು 'ಐವತ್ತೊಂದು ವರ್ಷದ ಒಬ್ಬ ಸ್ವಯಂಸೇವಕಿ'. ಕನ್ನಡಕದ ಹುಡುಗಿಯನ್ನು ಕೇಳಿದರೆ ಅವಳ ಕಣ್ಣಲ್ಲಿ ನೀರು. "ಪ್ರಯೋಗಕ್ಕೆ ಒಳಗಾದವರ ಹೆಸರು ಹಾಕೋ ಹಾಗಿಲ್ಲ ಅಕ್ಕ. ನಿಮ್ಮ ಗುಟ್ಟು ಕಾಪಾಡೋಕೇ ಆ ನಿಯಮ."

"ಬೈಯೋವಾಗ ಮನೆ ನಂಬರೂ ಹಾಕಿದ್ರಲ್ಲಮ್ಮಾ, ಆಗ ಎಲ್ಲಿಗೆ ಹೋಗಿತ್ತು ನಿಮ್ಮ ಗುಟ್ಟು?" ಅಂದಳಂತೆ ಅಕ್ಕ.

ಹೆಸರಿನ ಆಸೆ ಬಿಟ್ಟಳು. ಆ 'ಘೋರ ನಿರ್ಲಕ್ಷ್ಯ'ವನ್ನಾದರೂ ತೆಗೆಯಿರಿ ಅಂತ ಅರ್ಜಿ ಕೊಟ್ಟಳು. ಎಂಟು ತಿಂಗಳ ನಂತರ ಉತ್ತರ ಬಂತು. ಸದರಿಯವರು ತಮ್ಮ ರಕ್ತದ ಬಗ್ಗೆ ವಿಚಾರಣೆಯಲ್ಲಿ ಹೇಳಿದ್ದಾಗಿ ತಿಳಿಸಿರುತ್ತಾರೆ, ಆದರೆ ನಡಾವಳಿಯಲ್ಲಿ ಅಂಥ ಹೇಳಿಕೆ ಕಂಡುಬಂದಿರುವುದಿಲ್ಲ. ಅದನ್ನೂ ಟೈಪ್ ಮಾಡಿದವನು ನಾನೇ.

ಅಕ್ಕ ಆ ಕಾಗದ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತಳು.

"ನಾನು ಹೇಳಿದ್ದನ್ನ ನೀನು ಬರ್ಕೊಂಡಿದ್ಯಾ?"

"ಬರ್ಕೊಂಡಿದ್ದೆ ಅಕ್ಕ."

"ಮತ್ತೆ?"

"ತೆಗೆಯೋಕೆ ಹೇಳಿದ್ರು."

ಅವಳು ಕೂಗಾಡಲಿಲ್ಲ. "ಇಷ್ಟನ್ನೇ ಒಂದು ಹಾಳೇಲಿ ಬರೆದು ಸಹಿ ಹಾಕಿಕೊಡು. ನನಗೆ ಬೇರೇನೂ ಬೇಡ," ಅಂದಳು.

ಮನೆಯಲ್ಲಿ ಕಾಯಿಲೆಯ ಅಮ್ಮ, ಓದುವ ಮಕ್ಕಳು, ಮೇಲೆ ದೊಡ್ಡ ಸಾರ್. "ನಾನು ರಿಟೈರ್ ಆಗ್ಲಿ ಅಕ್ಕ, ಖಂಡಿತ ಬರೆದುಕೊಡ್ತೀನಿ. ಇನ್ನು ಮೂರೇ ವರ್ಷ," ಅಂದೆ.

"ಸರಿ ಬಿಡು," ಅಂದಳು. ಅವಳು ಮತ್ತೆ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಆರು ತಿಂಗಳಿಗೆ ತಾನಾಗೇ ಕೆಲಸ ಬಿಟ್ಟಳು. ಸೊಳ್ಳೆಗಳಿಗೆ ರಕ್ತ ಕುಡಿಸಲು ಯಂತ್ರ ಬಂತು. ದೊಡ್ಡ ಸಾರ್ ಇನ್ನೂ ದೊಡ್ಡವರಾಗಿ ಬೇರೆ ಕಡೆ ಹೋದರು.

ನಿವೃತ್ತಿಯಾದ ಮೂರನೆಯ ದಿನ ನಾನು ಎರಡು ಪುಟ ಬರೆದೆ. ಏನನ್ನೂ ಮುಚ್ಚಿಡಲಿಲ್ಲ. ನಾನು ನಕ್ಕಿದ್ದನ್ನೂ ಬರೆದೆ. ಅದನ್ನು ಹಿಡಿದು ಅವಳ ಮನೆಗೆ ಹೋದೆ. ಬಡಗಿ ಭಾವ ನನ್ನನ್ನು ನೋಡಿಯೂ ಮಾತಾಡಿಸದೆ ಉಳಿ ಮಸೆಯುತ್ತಿದ್ದ. ಅಕ್ಕ ಹೊಸ್ತಿಲ ಮೇಲೆ ಕೂತು ಎರಡೂ ಪುಟ ಓದಿದಳು, ನಿಧಾನವಾಗಿ, ಬೆರಳಿಟ್ಟು. ಆಮೇಲೆ ಮಡಚಿ ನನಗೇ ಹಿಂದಕ್ಕೆ ಕೊಟ್ಟಳು.

"ಚೆನ್ನಾಗಿ ಬರೆದಿದೀಯ. ಇಟ್ಕೋ," ಅಂದಳು. "ಇದು ನನಗೆ ಬೇಕಾಗಿದ್ದಾಗ ನಿನಗೆ ಕೆಲಸ ಇತ್ತು. ಈಗ ನಿನಗೂ ಕೆಲಸ ಇಲ್ಲ, ನನಗೂ ಇಲ್ಲ. ಇದನ್ನ ಯಾರಿಗೆ ತೋರಿಸ್ಲಿ?"

ಒಳಗಿನಿಂದ ಮೊಮ್ಮಗಳು ಕೂಗಿದಳು. ಅಕ್ಕ ಎದ್ದು ಹೋದಳು. ಸ್ವಲ್ಪ ಹೊತ್ತು ಕಾದೆ. ಅವಳು ಹೊರಗೆ ಬರಲಿಲ್ಲ.